ಮಣ್ಣು ಮುಚ್ಚಿದ ಬಿಲ

ಹೊಲದ ಬದುವಿನ ಇಲಿಗಳು ಹಾವಿನ ಹೆದರಿಕೆಗೆ ಬಿಲದ ಬಾಯಿಗೆ ಮಣ್ಣು ಮುಚ್ಚಿಕೊಂಡು ಮಲಗುತ್ತವೆ. ಒಂದು ಮಧ್ಯಾಹ್ನ ಕಾವಲಿನ ಮುಂಗುಸಿ ಹಾವನ್ನು ಹುಡುಕುತ್ತ ಬಂದು, ಕೂಗಿ ಕರೆಯದೆ, ಒಂದು ಬಿಲದ ಮಣ್ಣನ್ನು ಒದ್ದು ಒಳನುಗ್ಗಿತು. ಹಾವೇ ಬಂತೆಂದು ಗಂಡಿಲಿ ಮರಿಗಳಿಗೆ ಅಡ್ಡ ನಿಂತು ಅದರ ಮೂತಿ ಕಚ್ಚಿತು. ಮುಂಗುಸಿ ಅದರ ಕತ್ತು ಮುರಿಯಿತು.

"ಹಾವೆಲ್ಲಿ?" ಎಂದು ಗದರಿತು.

"ಆಚೆ ಹುತ್ತದಲ್ಲಿ, ಸ್ವಾಮಿ," ಎಂದಿತು ಹೆಣ್ಣಿಲಿ. "ಒಂದು ಮಾತು ಕೂಗಿದ್ದರೆ ನಾನೇ ಬಾಗಿಲು ತೆಗೆದು ತೋರಿಸುತ್ತಿದ್ದೆ."

"ಕೂಗಿದರೆ ಹಾವು ಓಡಿಹೋಗುತ್ತೆ. ನಿನ್ನ ಗಂಡ ನನ್ನನ್ನು ಯಾಕೆ ಕಚ್ಚಿದ?"

"ನಿಮ್ಮನ್ನು ಹಾವು ಅಂದುಕೊಂಡ."

"ನನ್ನನ್ನೇ ಹಾವು ಅಂತೀಯಾ? ತಪ್ಪು ಮಾಡದವರು ಬಾಗಿಲು ಯಾಕೆ ಮುಚ್ಚಬೇಕು? ಇವತ್ತಿನಿಂದ ಈ ಬದುವಿನಲ್ಲಿ ಯಾರೂ ಮಣ್ಣು ಮುಚ್ಚಕೂಡದು."

ಮುಂಗುಸಿ ಮೂತಿ ಒರೆಸಿಕೊಂಡು ಹೊರಟಿತು. ಹುತ್ತದ ಕಡೆ ತಿರುಗಿಯೂ ನೋಡಲಿಲ್ಲ.

ಹೆಣ್ಣಿಲಿ ಮರಿಗಳನ್ನು ಬೆನ್ನಹಿಂದೆ ಇಟ್ಟುಕೊಂಡು ತೆರೆದ ಬಿಲದ ಬಾಯಿಗೆ ಮುಖಮಾಡಿ ಕೂತಿತು. ಮೊದಲು ಬರುವುದು ಹಾವೋ ಮುಂಗುಸಿಯೋ ಅದಕ್ಕೆ ತಿಳಿಯಲಿಲ್ಲ. ಯಾರೇ ಒಳಗೆ ಬಂದರೂ ಕಚ್ಚಬಾರದೆಂದು ಅದು ಮರಿಗಳಿಗೆ ಕಲಿಸತೊಡಗಿತು.