ಲೇಬಲ್ಲು ಅಂಟಿಸಿದ ದೇಜು

ಮಂಗಳೂರಿನ ಬಂದರಿನ ಹತ್ತಿರ ಗಿರಿಜಕ್ಕ ಅಂತ ಒಬ್ಬಳು. ಅವಳಿಗೆ ದೇಜು ಅಂತ ಒಬ್ಬ ಮಗ. ಎಂಥಾ ಪೆದ್ದ ಅಂತೀರಿ! ‘ಬಾಗಿಲು ನೋಡಿಕೋ’ ಅಂದರೆ ಸಂಜೆತನಕ ಬಾಗಿಲನ್ನೇ ನೋಡುತ್ತಾ ನಿಲ್ಲುವವನು. ಕಳ್ಳ ಕಿಟಕಿಯಿಂದ ಬಂದುಹೋದರೂ ಇವನ ಕಣ್ಣು ಬಾಗಿಲ ಮೇಲೆಯೇ.

ಅವನ ಅಕ್ಕ ಲೀಲಾಳಿಗೆ ಗಂಡು ನೋಡುತ್ತಿದ್ದ ಕಾಲ ಅದು. ತಮ್ಮ ಪೆದ್ದ ಅಂತ ಗೊತ್ತಾದರೆ ಯಾರು ಬಂದಾರು? ಗಿರಿಜಕ್ಕನಿಗೆ ಅದೇ ನಾಚಿಕೆ, ಅದೇ ಹೆದರಿಕೆ. ಹೊರದೇಶದ ವೈನು ತರಿಸುವ ಧಣಿಯೊಬ್ಬರ ಕೈಕಾಲು ಹಿಡಿದು, ಅವರ ಗೋಡೌನಿನಲ್ಲಿ ಮಗನನ್ನು ಕೆಲಸಕ್ಕೆ ಸೇರಿಸಿದಳು.

ಧಣಿ ಅಂದರು, “ನೋಡು ದೇಜು, ಹೊರಗಿನ ಬಾಟಲಿಗೆ ನಮ್ಮ ಲೇಬಲ್ಲೂ ಬೇಕು. ತರಿಸಿದವರು ಯಾರು, ಎಚ್ಚರಿಕೆ ಏನು, ಎಲ್ಲ ಇದರಲ್ಲುಂಟು. ಬಾಟಲಿಗೊಂದು ಅಂಟಿಸು.”

“ಆಯ್ತು ಧಣಿ!”

ಅಂಟಿಸಿದ. ಎಲ್ಲಿ? ಕಂಪೆನಿಯವರ ಲೇಬಲ್ಲಿನ ಮೇಲೆಯೇ! ಕಸ್ಟಮ್ಸ್ ಸಾಹೇಬರು ಬಾಟಲಿ ತಿರುಗಿಸಿದರು, ಮತ್ತೆ ತಿರುಗಿಸಿದರು. ಯಾವ ದೇಶದ್ದು, ಯಾವ ವೈನು, ಒಂದೂ ಕಾಣದು. “ಈ ಮಾಲು ಬಿಡೋದಿಲ್ಲ!” ಅಂದರು.

ಗಿರಿಜಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ಥೂ ನಿನ್ನ! ಖಾಲಿ ಜಾಗ ನೋಡಿ ಅಂಟಿಸಬೇಕಲ್ವಾ ಮಾರಾಯ!”

“ಇನ್ನು ಹಾಗೇ ಮಾಡ್ತೇನಮ್ಮ.”

ಮರುದಿನ ಖಾಲಿ ಜಾಗ ನೋಡಿದ. ಬಾಟಲಿಯಲ್ಲಿ ಇದ್ದದ್ದು ಅಂಗೈಯಷ್ಟು. ಗೋಡೌನಿನ ಗೋಡೆಯೋ, ಆಹಾ, ಎಷ್ಟು ಖಾಲಿ! ಅಷ್ಟೂ ಲೇಬಲ್ಲು ಗೋಡೆಗೆ. ಸಾಲು ತಪ್ಪಲಿಲ್ಲ, ಅಂಚು ಏಳಲಿಲ್ಲ, ಏನು ಚೆಂದ ಅಂತೀರಿ! ಧಣಿಯ ಲೇಬಲ್ಲಿಲ್ಲದ ಬಾಟಲಿಗಳು ಲಾರಿ ಹತ್ತಿ ಹೊರಟವು. ಗೇಟಿನಲ್ಲಿ ಅದೇ ಸಾಹೇಬರು!

ಧಣಿಯ ಕೂಗು ಬೀದಿಗೆಲ್ಲ ಕೇಳಿತು. ಗಿರಿಜಕ್ಕ ತಾನೇ ಬಂದು ಗೋಡೆ ಕೆರೆದಳು, ಕೆರೆದು ಮುಗಿಯುವ ತನಕ ತಲೆ ಎತ್ತಲಿಲ್ಲ. “ಅಯ್ಯೋ ನನ್ನ ಹಣೆಬರಹವೇ! ಹೊರಗಿನಿಂದ ಬಂದದ್ದಕ್ಕೆ ಗೇಟು ದಾಟುವ ಮೊದಲೇ ಲೇಬಲ್ಲು ಬೀಳಬೇಕು ಮಗಾ!”

“ಇನ್ನು ಹಾಗೇ ಮಾಡ್ತೇನಮ್ಮ.”

ಆ ಭಾನುವಾರ ಲೀಲಾಳನ್ನು ನೋಡಲು ಕಾರ್ಕಳದಿಂದ ಗಂಡಿನ ಕಡೆಯವರು ಬಂದರು. ಮನೆಯ ಗೇಟಿನಲ್ಲಿ ಯಾರು? ದೇಜು! ಹುಡುಗನ ಇಸ್ತ್ರಿ ಅಂಗಿಯ ಎದೆಗೆ ಪಟ್ಟಂತ ಒಂದು ಗೋಡೌನಿನ ಲೇಬಲ್ಲು. ‘ಎಚ್ಚರಿಕೆ: ಆರೋಗ್ಯಕ್ಕೆ ಹಾನಿಕರ.’

ಹುಡುಗನ ಅಪ್ಪ ಓದಿದರು. ಹುಡುಗನ ಅಮ್ಮ ಓದಿದರು. ಪುಣ್ಯಕ್ಕೆ ಹುಡುಗ ನಕ್ಕುಬಿಟ್ಟ. ಒಳಗೆ ಬಂದು ಕೂತರು.

ಗಿರಿಜಕ್ಕ ಅಡುಗೆಮನೆಯಲ್ಲಿ ಮಗನ ಕಿವಿ ಹಿಂಡಿದಳು. “ಊರವರಿಗೆಲ್ಲ ಅಂಟಿಸೋದಾ? ಲೇಬಲ್ಲು ನಮ್ಮ ಮಾಲಿಗೆ ಮಾತ್ರ! ಅದರಲ್ಲೂ ಸುಳ್ಳು ಬೇರೆ! ಲೇಬಲ್ಲಿನಲ್ಲಿ ಯಾವತ್ತೂ ನಿಜವೇ ಇರಬೇಕು!”

“ಇನ್ನು ಹಾಗೇ ಮಾಡ್ತೇನಮ್ಮ.”

ಲೀಲಾ ಬಂದಳು, ತಲೆ ತಗ್ಗಿಸಿ ಕಾಫಿ ಕೊಟ್ಟಳು, ಒಳಗೆ ಹೋಗಲು ತಿರುಗಿದಳು. ಬೆನ್ನ ಮೇಲೆ ಲೇಬಲ್ಲು! ದೇಜುವಿನ ದಪ್ಪ ಅಕ್ಷರ. ‘ಊರು ಮಂಗಳೂರು. ತಯಾರಾದ ವರ್ಷ’, ಮುಂದೆ ಅವಳು ಹುಟ್ಟಿದ ವರ್ಷ. ಒಂದು ವರ್ಷವೂ ಆಚೀಚೆ ಇಲ್ಲ!

ಹುಡುಗನ ಅಮ್ಮ ಬೆರಳು ಮಡಚಿದರು. “ಅಲ್ಲ ಗಿರಿಜಕ್ಕ, ಹುಡುಗಿ ನಮ್ಮವನಿಗಿಂತ ಸಣ್ಣವಳು ಅಂದಿದ್ರಲ್ಲ? ಇದರಲ್ಲಿ ದೊಡ್ಡವಳಾಗ್ತಾಳಲ್ಲ?”

ಗಿರಿಜಕ್ಕನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಸೆರಗು ಹುಡುಕಿದಳು, ಕೈಗೇ ಸಿಗಲೊಲ್ಲದು.

ದೇಜು ಎದೆಯುಬ್ಬಿಸಿ ಹುಡುಗನ ಅಮ್ಮನ ಮುಂದೆ ಬಂದ. “ಹೆದರಬೇಡಿ ಅಮ್ಮಾ! ಹಳೆಯದಾದಷ್ಟೂ ಬೆಲೆ ಜಾಸ್ತಿ ಅಂತ ನಮ್ಮ ಧಣಿಯೇ ಹೇಳಿದ್ದಾರೆ. ಇದು ಸಾಲದಿದ್ದರೆ,” ಅಂತ ತನ್ನ ತಾಯಿಯ ಬೆನ್ನಿಗೂ ಪಟ್ಟಂತ ಒಂದು ಅಂಟಿಸಿದ, “ಇದನ್ನು ತಗೊಂಡು ಹೋಗಿ, ಇನ್ನೂ ಹಳೇ ಮಾಲು!”