ಸಾಹೇಬರ ಬೆಂಚು

ಜಿಲ್ಲಾಧಿಕಾರಿ ಶಿವಶಂಕರಪ್ಪನವರು ನಿವೃತ್ತರಾದ ಮೇಲೆ ಮನೆಯ ಜಗಲಿಗೆ ಕಚೇರಿಯಲ್ಲಿದ್ದಂಥದ್ದೇ ಬೆಂಚು ಹಾಕಿಸಿದರು. ತಮ್ಮ ಜೊತೆಗೇ ನಿವೃತ್ತನಾದ ದಫೇದಾರ ಚಿಕ್ಕೀರಯ್ಯನನ್ನು ಬಾಗಿಲಿಗೆ ಇಟ್ಟುಕೊಂಡರು.

"ಯಾರೇ ಬರಲಿ, ಸಾಹೇಬರು ಬಿಜಿ ಅಂತ ಅರ್ಧ ಗಂಟೆ ಕೂರಿಸು" ಅಂತ ಅಪ್ಪಣೆಯಾಯಿತು.

ಬಂದವನು ಗ್ಯಾಸಿನವನೊಬ್ಬನೇ. ಕಾಯಿಸಿದ್ದಕ್ಕೆ ಸಿಲಿಂಡರ್ ಹೊತ್ತುಕೊಂಡು ವಾಪಸ್ ಹೋದ. ಸಾಹೇಬರು ಮಾತ್ರ ಗಳಿಗೆಗೊಮ್ಮೆ ಬಾಗಿಲಿಗೆ ಬಂದು ಗೇಟು ನೋಡುವರು. ಕೊನೆಗೆ ರೇಗಿಬಿಟ್ಟರು.

"ನಾಳೆ ಈ ಬೆಂಚು ಖಾಲಿ ಕಂಡರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ!"

ಮಾರನೆಯ ಬೆಳಿಗ್ಗೆ ಚಿಕ್ಕೀರಯ್ಯ ಸಾಹೇಬರ ದಿಂಬು, ಕನ್ನಡಕ, ಪೇಪರು ತಂದು ಬೆಂಚಿನ ಮೇಲಿಟ್ಟ.

"ಇದೇನೋ?"

"ಕಾಯೋರಿಗೆ ಜಾಗ ಮಾಡಿದೀನಿ ಸ್ವಾಮಿ. ನಿಮ್ಮಷ್ಟು ಕಾದೋರನ್ನ ನನ್ನ ಸರ್ವಿಸ್ಸಲ್ಲೇ ನೋಡಿಲ್ಲ. ನಿಂತು ನಿಂತು ಕಾಲು ನೋಯುತ್ತೆ, ಕೂತ್ಕೊಂಡೇ ಕಾಯಿರಿ."

ಸಾಹೇಬರ ಮುಖ ಕೆಂಪೇರಿತು. ಆದರೂ ದಿಂಬು ಸರಿಸಿ ಜಾಗ ಮಾಡಿಕೊಂಡರು. ಅರ್ಜಿ ಹಿಡಿದು ಬಂದವರ ಹಾಗೆ ಬೆಂಚಿನ ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದರು:

"ಸಾಹೇಬರಿಗೆ ಇನ್ನೂ ಬಿಡುವಾಗ್ಲಿಲ್ವೇನಪ್ಪಾ?"

'ಬಿಜಿ' ಅಂತ ಇಡೀ ಜಿಲ್ಲೆಗೆ ಸುಳ್ಳು ಹೇಳಿದ್ದ ಬಾಯಿ ಚಿಕ್ಕೀರಯ್ಯನದು. ಅವತ್ತು ಮಾತ್ರ ಅದಕ್ಕೆ ಆ ಸುಳ್ಳು ಹೇಳಲಾಗಲಿಲ್ಲ.