ಘಾಟಿಯ ಮೂರನೆಯ ತಿರುವು

“ತಪ್ಪು ಮಾಡಿದವನು ಅದನ್ನು ಸರಿಪಡಿಸಿದ ಮೇಲೂ ಎದುರಿನವರ ಸಿಟ್ಟು ಇಳಿಯದಿದ್ದರೆ, ಆಮೇಲಿನ ತಪ್ಪು ಯಾರದು?” ಎಂದು ಶಿಷ್ಯನೊಬ್ಬ ಗುರುಗಳನ್ನು ಕೇಳಿದ. ಸಿಟ್ಟು ಎಂದನೋ, ಹಟ ಎಂದನೋ, ಇನ್ನೇನೋ ಒಂದು ಗಡುಸಾದ ಪದವೋ, ನನಗೆ ಈಗ ಪೂರ್ತಿ ನೆನಪಿಗೆ ಬರುತ್ತಿಲ್ಲ. ಸಿಟ್ಟು ಎಂದೇ ಇರಲಿ.

ಕೇಳಿದವನ ದನಿಯೂ ತಣ್ಣಗಿರಲಿಲ್ಲ. ತಾಯಿಯ ಬಳೆ ಕದ್ದಳೆಂದು ಅವನು ತನ್ನ ಅಕ್ಕನ ಮೇಲೆ ಊರಿಗೆಲ್ಲ ಕೇಳುವಂತೆ ಕೂಗಾಡಿದ್ದ. ಆಮೇಲೆ ಬಳೆ ಮನೆಯಲ್ಲೇ ಸಿಕ್ಕಿತು. ಅವನು ನಾಲ್ಕು ಜನ ಹಿರಿಯರ ಮುಂದೆ ಅಕ್ಕನ ಕಾಲಿಗೆ ಬಿದ್ದು, ಸೀರೆ ಕೊಟ್ಟು, ಮಾರನೆಯ ದಿನ ಮಠಕ್ಕೆ ಮರಳಿದ್ದ. ಎರಡು ವರ್ಷವಾದರೂ ಅಕ್ಕ ಮಾತನಾಡಲಿಲ್ಲ. ಊರಿನವರು ಇನ್ನೂ ಅವಳ ಬೆನ್ನ ಹಿಂದೆ ಕಳ್ಳಿ ಎಂದು ಆಡಿಕೊಳ್ಳುತ್ತಾರಂತೆ, ಅದಕ್ಕೆ ನಾನೇನು ಮಾಡಲಿ ಎಂದು ಅವನು ಗೊಣಗಿದ.

ಗುರುಗಳು ಹೇಳಿದರು:

ಘಾಟಿಯ ಬುಡದ ಊರಿನಲ್ಲಿ ಒಬ್ಬ ಹೆಂಗಸು ಬಾಡಿಗೆ ಕಾರು ಓಡಿಸುತ್ತಿದ್ದಳು. ಅದು ಬ್ಯಾಟರಿಯಿಂದಲೂ ಪೆಟ್ರೋಲಿನಿಂದಲೂ ಓಡುವ ಹೈಬ್ರಿಡ್ ಕಾರು. ವಾರಕ್ಕೆ ಎರಡು ಸಲ ಅವಳು ಮೂತ್ರಪಿಂಡ ಕೆಟ್ಟ ಒಬ್ಬ ಮುದುಕನನ್ನು ಘಾಟಿ ಹತ್ತಿಸಿ ಇಳಿಸಿ ಆಚೆಯ ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಡಯಾಲಿಸಿಸ್ ತಪ್ಪಿದರೆ ಅವನ ಮೈ ಊದಿಕೊಳ್ಳುತ್ತಿತ್ತು.

ಕಾರಿನ ನೀರಿನ ಪಂಪು ಕೆಟ್ಟಿತು. ಒಬ್ಬ ಮೆಕ್ಯಾನಿಕ್ ಹೊಸ ಪಂಪು ಹಾಕಿದ, ಎಂಜಿನ್ ತಣಿಸುವ ಕೂಲೆಂಟ್ ನೀರು ತುಂಬಿದ. ರೂಢಿಯಂತೆ ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ. ಕಾರು ಸದ್ದಿಲ್ಲದೆ ಹಣ್ಣಿನ ಮೇಲೆ ಹಾದುಹೋಯಿತು. ನೋಡಿದವರು ಎಷ್ಟು ನಯವಾಗಿದೆ ಎಂದು ಹೊಗಳಿದರು.

ಘಾಟಿಯ ಮೂರನೆಯ ತಿರುವಿನಲ್ಲಿ ಕೆಂಪು ದೀಪ ಹತ್ತಿತು. ಎಂಜಿನ್ ಕುದಿಯುತ್ತಿತ್ತು. ಅವಳು ಕಾರನ್ನು ಆರಿಸಿ, ಕಾದು, ಮೆಲ್ಲಗೆ ಹಿಂದಕ್ಕೆ ಇಳಿಸಿ ತಂದಳು.

ಮೆಕ್ಯಾನಿಕ್ ಕಾರನ್ನು ತೆಗೆದುಕೊಂಡು ತನ್ನ ಬೀದಿಯನ್ನು ಒಂದು ಸುತ್ತು ಹಾಕಿ ಬಂದ. ಬಾನೆಟ್ಟಿನ ಮೇಲೆ ಕೈಯಿಟ್ಟ. “ಮುಟ್ಟಿ ನೋಡಿ ಅಕ್ಕಾ, ಮೊಸರಿನ ಗಡಿಗೆಯ ಹಾಗೆ ತಣ್ಣಗಿದೆ” ಎಂದ. ಅವಳು ಮುಟ್ಟಿದಳು. ತಣ್ಣಗೇ ಇತ್ತು.

ಮುಂದಿನ ಸಲ ಮುದುಕ ಹಿಂದಿನ ಸೀಟಿನಲ್ಲಿದ್ದ. ಅದೇ ತಿರುವು, ಅದೇ ಕೆಂಪು ದೀಪ. ಅವನು ರಸ್ತೆಯ ಕಲ್ಲಿನ ಮೇಲೆ ಎರಡು ಗಂಟೆ ಕುಳಿತ. ಆಸ್ಪತ್ರೆಯಲ್ಲಿ ಅವನ ಸರದಿ ತಪ್ಪಿತು. ಮರುದಿನ ಅವನ ಕಣ್ಣುಗಳು ಊದಿ ಮುಚ್ಚಿಕೊಂಡಿದ್ದವು.

ಅವಳು ಗ್ಯಾರೇಜಿಗೆ ಬಂದು ಬಾಯಿಗೆ ಬಂದಂತೆ ಬೈದಳು. ಹೊಸ ಪಂಪು ಹಾಕಿದ್ದೇನೆ, ನೀರು ತುಂಬಿದ್ದೇನೆ, ಎರಡು ಸಲ ಓಡಿಸಿ ನೋಡಿದ್ದೇನೆ, ಇನ್ನೇನು ಬೇಕು ಎಂದು ಅವನು ಕೇಳಿದ. ಆಮೇಲೆ ಪಕ್ಕದ ಚಹಾದಂಗಡಿಯವನಿಗೆ ಹೇಳಿದ: “ಗಾಡಿಗೆ ನೀರು ಹಾಕಿ ಆಯಿತು. ಇನ್ನು ಅಕ್ಕನಿಗೂ ಒಂದು ಲೋಟ ತಣ್ಣೀರು ಕೊಡಿ.”

ಅಲ್ಲಿದ್ದವರು ನಕ್ಕರು. ಇಷ್ಟು ಕೋಪ ಹೆಂಗಸರಿಗೆ ಒಳ್ಳೆಯದಲ್ಲ ಎಂದು ಒಬ್ಬ ಹಿರಿಯ ಬುದ್ಧಿ ಹೇಳಿದ.

ಅವಳು ಕಾರಿನ ಎಡಬಾಗಿಲು ತೆರೆದಳು. “ನಿನ್ನ ಬೀದಿಯಲ್ಲಿ ಇದು ಎಂದೂ ಕಾಯುವುದಿಲ್ಲ. ನಾನು ನಿನ್ನ ಬೀದಿಯಲ್ಲಿ ಬದುಕುತ್ತಿಲ್ಲ. ಹತ್ತು” ಎಂದಳು.

ಅವನು ಹತ್ತಿದ. ಬೀದಿ ಮುಗಿಯುವವರೆಗೆ ಕಾರು ಬ್ಯಾಟರಿಯ ಮೇಲೆ ಹೋಯಿತು, ಸದ್ದಿರಲಿಲ್ಲ. ಏರು ಶುರುವಾದಾಗ ಎಂಜಿನ್ ಗುಡುಗಿ ಎದ್ದಿತು. ತನ್ನ ಬೀದಿಯಲ್ಲಿ ಒಂದು ಸಲವೂ ಈ ಸದ್ದು ಕೇಳಿರಲಿಲ್ಲವೆಂದು ಆಗ ಅವನಿಗೆ ಹೊಳೆಯಿತು. ಮೂರನೆಯ ತಿರುವಿನಲ್ಲಿ ಕೆಂಪು ದೀಪ ಬಂತು. ಅವನು ಹೀಟರ್ ತಿರುಗಿಸಿದ. ಎಂಜಿನ್ ಬೇಯುತ್ತಿದ್ದರೂ ಹೀಟರಿನಿಂದ ತಣ್ಣನೆಯ ಗಾಳಿ ಬಂತು. ಹೀಟರಿಗೆ ಬಿಸಿ ತರುವ ಎಂಜಿನ್ನಿನ ನೀರು ಸುತ್ತುತ್ತಿರಲಿಲ್ಲ. ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಎಂಜಿನ್ ಓಡುತ್ತಿರುವಾಗ ತುಂಬಬೇಕಾದ ನೀರನ್ನು ಅವನು ಎಂಜಿನ್ ಮಲಗಿದ್ದಾಗ ತುಂಬಿದ್ದ.

ಅವನು ಧಡಕ್ಕನೆ ಇಳಿದು ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದ. ಅವಳು ಅವನ ಮಣಿಕಟ್ಟು ಹಿಡಿದು ಹಿಂದಕ್ಕೆಳೆದಳು. ತೆರೆದಿದ್ದರೆ ಮುಖ ಸುಟ್ಟುಹೋಗುತ್ತಿತ್ತು. ಮುದುಕ ಕುಳಿತಿದ್ದ ಕಲ್ಲನ್ನು ತೋರಿಸಿ, ಅಲ್ಲಿ ಕೂರು ಎಂದಳು. ಅವನು ಎರಡು ಗಂಟೆ ಅದೇ ಕಲ್ಲಿನ ಮೇಲೆ ಕುಳಿತ.

ಎಂಜಿನ್ ಆರಿದ ಮೇಲೆ ಅವನು ಮುಚ್ಚಳ ತೆರೆದ. ಎಂಜಿನ್ ತಾನಾಗಿ ನಿಲ್ಲದಂತೆ ಮಾಡಿ, ಅದನ್ನು ಓಡಿಸುತ್ತಲೇ ಸ್ವಲ್ಪ ಸ್ವಲ್ಪ ಕೂಲೆಂಟ್ ಹಾಕಿದ. ಬಹಳ ಹೊತ್ತು ಗುಳ್ಳೆಗಳು ಬಂದವು. ಕೊನೆಯ ಗುಳ್ಳೆ ಒಡೆದು, ಹೀಟರಿನ ಗಾಳಿ ಬಿಸಿಯಾದಾಗ ಮುಚ್ಚಳ ಹಾಕಿದ. ಘಾಟಿಯ ನೆತ್ತಿಯವರೆಗೂ ದೀಪ ಹತ್ತಲಿಲ್ಲ.

“ಇನ್ನೂ ಸಿಟ್ಟೇ ಅಕ್ಕಾ?” ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ.

“ನಾಳೆ ಮುದುಕನನ್ನು ಕೂರಿಸಿಕೊಂಡು ಹತ್ತುತ್ತೇನೆ. ನೀನೂ ಬಾ. ಮೇಲೆ ತಲುಪಿದ ಮೇಲೆ ಕೇಳು” ಎಂದಳು.

ಕತೆ ಮುಗಿಯಿತು. ಆ ಮೆಕ್ಯಾನಿಕ್ ಮೂರ್ಖ, ಮೊದಲೇ ಅವಳ ಜೊತೆ ಹೋಗಬೇಕಿತ್ತು ಎಂದು ಶಿಷ್ಯ ಹೇಳಿದ.

ಗುರುಗಳು ಅವನ ಮುಖ ನೋಡಿ ಕೇಳಿದರು: “ಕಾಲಿಗೆ ಬಿದ್ದು ಎದ್ದ ಮೇಲೆ, ನಿನ್ನ ಅಕ್ಕ ದಿನವೂ ನಡೆಯುವ ದಾರಿಯಲ್ಲಿ ನೀನು ಅವಳ ಜೊತೆ ಎಷ್ಟು ದೂರ ನಡೆದೆ?”